ರಟ್ಟು ಹಿಡಿದು ಕೂತ ಆಂಟಿ

ಕಳೆದ ಶನಿವಾರ ಮೆಲ್ಬರ್ನ್‌ನ ಐಸ್ ಹಾಸಿದ ರಿಂಕ್‌ನಲ್ಲಿ ಕೋಚ್ ನನ್ನ ಕೈಗೆ ಮೈಕು ಕೊಟ್ಟು, ಆಂಟಿಯ ಬಗ್ಗೆ ನಾಲ್ಕು ಮಾತಾಡಿ ಎಂದರು. ಐಸ್ ಹಾಕಿ ತಂಡವೊಂದು ಚಳಿಗಾಲದಲ್ಲಿ ಮಕ್ಕಳಿಗಾಗಿ ನಡೆಸುವ ಶಿಬಿರ ಅದು. ಒಂದು ವರ್ಷ ಸಿಡ್ನಿಯಲ್ಲಿ, ಮರುವರ್ಷ ಮೆಲ್ಬರ್ನ್‌ನಲ್ಲಿ. ಬರುವ ಮಕ್ಕಳಲ್ಲಿ ಯಾರು ಮುಂದೆ ಆಟಗಾರರಾಗಬಲ್ಲರು ಎಂದು ಅಳೆದು ಅಂಕ ಕೊಡುವವರಲ್ಲಿ ಆಂಟಿ ಒಬ್ಬರು. ಈ ಸಲ ಅವರು ಬಂದಿರಲಿಲ್ಲ. ಸಾಕು, ಇನ್ನು ಬರುವುದಿಲ್ಲ ಎಂದು ಸಿಡ್ನಿಯಿಂದ ತಿಳಿಸಿದ್ದರು. ಐದು ಚಳಿಗಾಲ ಅವರ ಪಕ್ಕದಲ್ಲಿ ಕೂತವನು ನಾನೊಬ್ಬನೇ ಆದ್ದರಿಂದ ಮೈಕು ನನಗೆ ಬಂತು. ಇಂಗ್ಲಿಷ್‌ನಲ್ಲಿ ಏನೋ ಐದು ವಾಕ್ಯ ಹೇಳಿ ಕೂತೆ. ಹೇಳದೆ ಉಳಿದದ್ದು ಬಹಳವಿತ್ತು.

ಅಲ್ಲಿನವರೆಲ್ಲ 'ಆಂಟಿ' ಎಂಬುದು ಅವರ ಹೆಸರೆಂದೇ ತಿಳಿದಿದ್ದಾರೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ, ಕೆಂಪು ಗಡ್ಡದ ಕೋಚ್ ಕೂಡ ಅವರನ್ನು ಆಂಟಿ ಎಂದೇ ಕರೆಯುತ್ತಿದ್ದರು. ಆಂಟಿಗಿಂತ ಎರಡೇ ವರ್ಷ ಚಿಕ್ಕವರಾದ ಐಸ್ ಒರೆಸುವ ಯಂತ್ರದ ಚಾಲಕರೂ ಹಾಗೇ. ಆಂಟಿ ತಿದ್ದಲು ಹೋಗಲಿಲ್ಲ. ನಾನೂ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಬೈಯುತ್ತಾರೆ.

ಮೈಸೂರಿನವರು. ಸಿಡ್ನಿಯ ವೆಸ್ಟ್‌ಮೀಡ್‌ನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದರು. ಲಕ್ವ ಹೊಡೆದವರಿಗೆ, ಸೊಂಟ ಮುರಿದವರಿಗೆ ಮತ್ತೆ ನಡೆಯುವುದನ್ನು ಕಲಿಸುತ್ತಿದ್ದರು. ಯಾವುದೋ ಕಾಲದಲ್ಲಿ ತಂಡದ ಆಟಗಾರನೊಬ್ಬನ ಮಂಡಿ ನೋಡಲು ರಿಂಕ್‌ಗೆ ಹೋದವರು, ಆಟಗಾರನನ್ನು ಬಿಟ್ಟು ಪಕ್ಕದಲ್ಲಿ ಜಾರುತ್ತಿದ್ದ ಮಕ್ಕಳ ಕಾಲನ್ನೇ ನೋಡುತ್ತ ನಿಂತರಂತೆ. ಆಮೇಲೆ ಬಿಡಲೇ ಇಲ್ಲ. ಅವರಿಗೆ ಸ್ಕೇಟಿಂಗ್ ಬರುತ್ತಿರಲಿಲ್ಲ. ಒಂದು ದಿನವೂ ಸ್ಕೇಟ್ ಕಟ್ಟಿಕೊಂಡವರಲ್ಲ. ಐಸ್ ಮೇಲೆ ಕಾಲಿಡುವ ಪ್ರಸಂಗ ಬಂದರೆ ಚಪ್ಪಲಿಯ ಮೇಲೆ ಹಳೆ ಉಣ್ಣೆ ಕಾಲುಚೀಲ ಏರಿಸಿ, ನನ್ನ ತೋಳು ಹಿಡಿದು ಬರುತ್ತಿದ್ದರು. ತಲೆಗೆ ಮಂಕಿ ಕ್ಯಾಪ್, ತೊಡೆಯ ಮೇಲೆ ಬಿಸಿನೀರಿನ ಚೀಲ, ಪಕ್ಕದಲ್ಲಿ ಮೆಣಸಿನ ಸಾರಿನ ಥರ್ಮಾಸ್. ಮೊದಲ ಸಲ ನೋಡಿದವರು ಯಾರದೋ ಅಜ್ಜಿ ದಾರಿ ತಪ್ಪಿ ಬಂದಿದ್ದಾರೆ ಎಂದುಕೊಳ್ಳುತ್ತಿದ್ದರು.

ನಾನು ಸಿಕ್ಕಿಬಿದ್ದದ್ದು ಸಿಡ್ನಿಯ ಶಿಬಿರದಲ್ಲಿ. ನಮ್ಮ ಮಗಳು ಸಿರಿಗೆ ಆಗ ಹನ್ನೊಂದು ವರ್ಷ. ಮೆಲ್ಬರ್ನ್ ಅಂಚಿನ ಟಾರ್ನೀಟ್‌ನಲ್ಲಿ ನಮ್ಮ ಸುತ್ತಲಿನ ಮನೆಗಳ ಮಕ್ಕಳೆಲ್ಲ ಕ್ರಿಕೆಟ್ಟು, ಭರತನಾಟ್ಯ ಎಂದು ಹೋಗುವಾಗ ಇವಳು ಶಾಲೆಯ ಪ್ರವಾಸದಲ್ಲಿ ಒಮ್ಮೆ ರಿಂಕ್ ನೋಡಿ ಬಂದು ಹಾಕಿಯೇ ಬೇಕೆಂದು ಹಟ ಹಿಡಿದಿದ್ದಳು. ನಾನು ನೆಲದ ಮೇಲೆ ಕೂತು ಅವಳ ಸ್ಕೇಟಿನ ಲೇಸು ಬಿಗಿಯುತ್ತ, ಕಾಲು ಅಲುಗಿಸಬೇಡವೆಂದು ನಮ್ಮ ಹುಬ್ಬಳ್ಳಿ ಧಾಟಿಯಲ್ಲಿ ಗದರುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಕನ್ನಡ ಬರೆಯೋಕೆ ಬರುತ್ತಾ ನಿಮಗೆ? ಅಕ್ಷರ ಹೇಗಿದೆ?"

ಊರು, ಹೆಸರು, ಯಾವ ಕಂಪನಿ, ಇಲ್ಲೇ ನೆಲೆಸಲು ಪಿಆರ್ ಆಯಿತಾ, ಇವೊಂದನ್ನೂ ಕೇಳದೆ ಅಕ್ಷರದ ಬಗ್ಗೆ ಕೇಳಿದ ಮೊದಲ ಕನ್ನಡಿಗರು ಅವರು. ಸುಮಾರಾಗಿದೆ ಎಂದೆ. ಐದು ನಿಮಿಷದಲ್ಲಿ ನನ್ನ ಕೈಗೆ ಪ್ಯಾಡು, ಪೆನ್ನು ಬಂದವು. ಅಲ್ಲಿಯವರೆಗೆ ಅವರು ಹೇಳಿದ್ದನ್ನು ಅವರ ಯಜಮಾನರು ಬರೆದುಕೊಳ್ಳುತ್ತಿದ್ದರಂತೆ. ಆ ವರ್ಷದಿಂದ ಯಜಮಾನರು ಚಳಿಗೆ ಶರಣಾಗಿ ಮನೆಯಲ್ಲೇ ಉಳಿದಿದ್ದರು.

ಕನ್ನಡವೇ ಏಕೆ ಎಂದು ಕೇಳಿದ್ದಕ್ಕೆ ಆಂಟಿ ಕಣ್ಣಲ್ಲೇ ಹಿಂದೆ ತೋರಿಸಿದರು. ಅವರ ಬೆನ್ನ ಹಿಂದೆ ಮೂರು ಸಾಲು ತಂದೆತಾಯಂದಿರು ಕಾಫಿ ಲೋಟ ಹಿಡಿದು, ಕತ್ತು ಉದ್ದ ಮಾಡಿ ನಿಂತಿದ್ದರು. ಇಂಗ್ಲಿಷ್‌ನಲ್ಲಿ ಬರೆದರೆ ಪ್ರತಿ ಅಂಕಕ್ಕೂ ಒಂದು ಜಗಳ. ಕನ್ನಡದಲ್ಲಿ ಬರೆದರೆ ಯಾರಿಗೂ ಏನೂ ತಿಳಿಯದು. ಹೀಗೆ ನಾನು ಐದು ಚಳಿಗಾಲ ಆಸ್ಟ್ರೇಲಿಯಾದ ಐಸ್ ಹಾಕಿಯ ಗುಟ್ಟುಗಳನ್ನು ದುಂಡಗೆ ಬರೆದೆ. ಅಂಕಕ್ಕಿಂತ ಷರಾ ಮುಖ್ಯ ಎಂಬುದು ಅವರ ನಂಬಿಕೆ. 'ಹಳದಿ: ಎಡಗಾಲು ಹೇಳಿದ ಮಾತು ಕೇಳುತ್ತದೆ, ಬಲಗಾಲಿಗೆ ಸೊಕ್ಕು.' 'ನೇರಳೆ: ಸದ್ದು ಜಾಸ್ತಿ, ದಾರಿ ಕಡಿಮೆ.' 'ಹಸಿರು: ಹೆದರಿಕೆ ಮಂಡಿಯಲ್ಲಿದೆ, ಪಾದದಲ್ಲಿಲ್ಲ; ಹೋಗುತ್ತದೆ.' ಇವನ್ನು ಸಂಜೆ ಕೋಚ್‌ಗೆ ಅವರೇ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದರು.

ಬಣ್ಣಗಳ ವಿಷಯ ಹೇಳಬೇಕು. ಆಂಟಿ ಮಕ್ಕಳ ಮುಖ ನೋಡುತ್ತಿರಲಿಲ್ಲ. ಆಟಗಾರರು ಒಳಹೋಗುವ ಒಂದು ಪುಟ್ಟ ಬಾಗಿಲನ್ನು ತೆಗೆಸಿ, ಅಲ್ಲಿಗೆ ಆಚೆ ಕಾಣುವಂಥ ದಪ್ಪ ಪ್ಲಾಸ್ಟಿಕ್ ಹಲಗೆ ಕೂರಿಸಿಕೊಂಡಿದ್ದರು. ಅದರ ಈಚೆ ಊರಿಂದ ತಂದ ಮಣೆ ಹಾಕಿ ಕೂತು, ಮಿಕ್ಸರ್ ಬಂದ ಪೆಟ್ಟಿಗೆಯಿಂದ ಕತ್ತರಿಸಿದ ಒಂದು ಉದ್ದನೆಯ ರಟ್ಟನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿಯುತ್ತಿದ್ದರು. ಆಗ ಅವರಿಗೆ ತೊಡೆಯಿಂದ ಮೇಲೆ ಏನೂ ಕಾಣದು. ಮುಖವಿಲ್ಲ, ಹೆಸರಿಲ್ಲ, ಅಂಗಿಯ ನಂಬರಿಲ್ಲ, ಕೋಲಿನ ಕರಾಮತ್ತಿಲ್ಲ. ಬರೀ ಕಾಲು. ಗುರುತಿಗೆಂದು ಶಿಬಿರದ ಮೊದಲ ದಿನ ಪ್ರತಿ ಮಗುವಿಗೂ ಒಂದೊಂದು ಬಣ್ಣದ ಲೇಸು ಕೊಡುತ್ತಿದ್ದರು. ಬಿಳಿ ಲೇಸು ತಂದು, ಒಂದೇ ಅಳತೆಗೆ ಕತ್ತರಿಸಿ, ವೆಸ್ಟ್‌ಮೀಡ್‌ನ ಬಾಡಿಗೆ ಫ್ಲ್ಯಾಟಿನ ಅಡುಗೆಮನೆಯಲ್ಲಿ ತಾವೇ ಬಣ್ಣ ಹಾಕುತ್ತಿದ್ದರು. ಯಾವ ಬಣ್ಣ ಯಾರದು ಎಂಬ ಪಟ್ಟಿ ಮುಚ್ಚಿದ ಲಕೋಟೆಯಲ್ಲಿ ಕೋಚ್ ಹತ್ತಿರ ಇರುತ್ತಿತ್ತು. ಮುಖ ನೋಡಿದರೆ ಅಂಕ ಮುಖಕ್ಕೆ ಹೋಗಿಬಿಡುತ್ತದೆ, ನಾನೂ ಮನುಷ್ಯಳೇ ತಾನೆ ಎನ್ನುತ್ತಿದ್ದರು. ಮಕ್ಕಳಿಗೆ ಇದೆಲ್ಲ ತಿಳಿಸುತ್ತಿರಲಿಲ್ಲ. ಆಂಟಿಯ ಕಣ್ಣಿಗೆ ಲೈಟು ಹೊಡೆಯುತ್ತದೆ, ಅದಕ್ಕೇ ರಟ್ಟು ಎಂದು ಅವು ನಂಬಿದ್ದವು.

ನನ್ನ ಮಗಳೂ ಆಡುತ್ತಿದ್ದುದರಿಂದ ನನಗೆ ಇನ್ನೂ ಕಠಿಣ ಕಾನೂನು. ಐಸ್‌ಗೆ ಬೆನ್ನು ಹಾಕಿ ಕೂರಬೇಕು. ಸಿರಿ ತನ್ನ ಲೇಸಿನ ಬಣ್ಣವನ್ನು ನನಗೆ ಹೇಳಬಾರದು, ತೋರಿಸಬಾರದು; ಏಕೆಂದು ಅವಳಿಗೂ ಹೇಳಿರಲಿಲ್ಲ, ಆಂಟಿಯದೊಂದು ತಮಾಷೆ ಎಂದುಕೊಂಡಿದ್ದಳು. ಅಲ್ಲಿಗೆ, ಮಗಳ ಆಟ ನೋಡಲೆಂದು ಟಾರ್ನೀಟ್‌ನಿಂದ ಬೆಳಗಿನ ಕತ್ತಲಲ್ಲಿ ಕಾರು ಓಡಿಸಿಕೊಂಡು ಬಂದ ಅಪ್ಪ ಅವಳ ಆಟವನ್ನು ಬರೀ ಕಿವಿಯಲ್ಲಿ ಕೇಳಿದ. ಸ್ಕೇಟಿನ ಬ್ಲೇಡು ಐಸ್ ಕೊರೆಯುವ ಸದ್ದು, ಹಲಗೆಗೆ ಯಾರೋ ಡಬ್ಬೆಂದು ಬಡಿದ ಸದ್ದು. ಅದು ನನ್ನ ಮಗಳೋ ಅಲ್ಲವೋ ಎಂದು ತಿಳಿಯಲು ಆಂಟಿಯ ಮುಖ ನೋಡುತ್ತಿದ್ದೆ. ಹುಬ್ಬು ಏರಿತೇ, ತುಟಿ ಬಿಗಿಯಿತೇ. ಅವರು ನನ್ನ ಕಡೆ ತಿರುಗದೆಯೇ ಹೇಳುತ್ತಿದ್ದರು, "ನನ್ನ ಮುಖ ನೋಡ್ಬೇಡಿ. ಕಾಗದ ನೋಡಿ." ಐದು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಅವರ ಕಣ್ಣಿನಿಂದ ಯಾರಿಗೂ ಬಿಡುಗಡೆ ಇರಲಿಲ್ಲ. ವೆಸ್ಟ್‌ಮೀಡ್ ಸ್ಟೇಷನ್‌ನಲ್ಲಿ ಒಮ್ಮೆ ಅವರ ಜೊತೆ ರೈಲಿಗೆ ಕಾಯುತ್ತಿದ್ದಾಗ, ಎದುರು ಪ್ಲಾಟ್‌ಫಾರ್ಮಿನಲ್ಲಿ ನಡೆಯುತ್ತಿದ್ದ ಅಪರಿಚಿತರನ್ನು ತೋರಿಸಿ ಇವರಿಗೆ ಸೊಂಟ, ಅವರಿಗೆ ಹಿಮ್ಮಡಿ, ಆಕೆಗೆ ಕಾಲು ಸರಿಯಿದೆ, ಮನಸ್ಸು ಸರಿಯಿಲ್ಲ ಎಂದು ಹೇಳುತ್ತ ಹೋದರು. ನನ್ನ ಬೂಟಿನ ಅಡಿ ನೋಡಿ, ಹೊರ ಅಂಚು ಸವೆದಿದೆ, ಯಾವ ಜಗಳದಲ್ಲೂ ನೇರ ನಿಲ್ಲುವವರಲ್ಲ ನೀವು ಎಂದರು. ಅದನ್ನು ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಆಂಟಿಯ ಭಕ್ತೆಯಾದಳು.

ಕೋಚ್ ಜೊತೆ ಅವರಿಗೆ ವರ್ಷಕ್ಕೊಂದು ಜಗಳ ಇದ್ದದ್ದೇ. ಯಾರು ಎಷ್ಟು ಗೋಲು ಹೊಡೆದರು, ಎಷ್ಟು ವೇಗ ಎಂಬುದು ಕೋಚ್ ಅವರ ಲೆಕ್ಕ. ವೇಗ ಬಂದೇ ಬರುತ್ತದೆ, ನಿಲ್ಲುವುದನ್ನು ನೋಡಬೇಕು ಎಂದು ಇವರ ವಾದ. ಬ್ಲೇಡು ಸದ್ದು ಮಾಡದೆ ನಿಲ್ಲುವ ಮಗುವನ್ನು ಕಂಡರೆ ಥರ್ಮಾಸ್ ತೆರೆದು ಒಂದು ಗುಟುಕು ಸಾರು ಕುಡಿಯುತ್ತಿದ್ದರು. ಅದು ಅವರ ಸಂಭ್ರಮ. ಹಾಗೆಂದು ತಾನು ತಪ್ಪೇ ಮಾಡದವಳು ಎಂಬ ಬಿಗುಮಾನ ಇರಲಿಲ್ಲ. ಅವರ ಪರ್ಸಿನಲ್ಲಿ ಒಬ್ಬ ಹುಡುಗಿಯ ಫೋಟೋ ಇತ್ತು. ಮೊಮ್ಮಗಳೇ ಎಂದು ಕೇಳಿದೆ. ಅಲ್ಲ, ಹಿಂದೊಮ್ಮೆ ಇವಳು ಆಗುವುದಿಲ್ಲ ಎಂದು ಬರೆದಿದ್ದೆ, ಈಗ ದೊಡ್ಡವರ ತಂಡದಲ್ಲಿ ಆಡುತ್ತಾಳೆ ಎಂದರು. ಆ ಫೋಟೋವನ್ನು ಎಲ್ಲರಿಗೂ ಹೆಮ್ಮೆಯಿಂದಲೇ ತೋರಿಸುತ್ತಿದ್ದರು.

ಆಯ್ಕೆಯಾಗದ ಪ್ರತಿ ಮಗುವಿಗೂ ಅವರು ಒಂದು ಚೀಟಿ ಕೊಡುವ ಪದ್ಧತಿಯಿತ್ತು. ಒಂದೇ ಸಾಲು, ಸ್ವಂತ ಕೈಬರಹ. ಚೆನ್ನಾಗಿ ಪ್ರಯತ್ನಿಸಿದೆ, ಮುಂದಿನ ಸಲ ನೋಡೋಣ ಎಂಬ ಸಮಾಧಾನದ ಮಾತು ಅದರಲ್ಲಿ ಇರುತ್ತಿರಲಿಲ್ಲ. ಆ ಮಗುವಿನ ಕಾಲು ಏನು ಮಾಡುತ್ತದೆ ಎಂದು ತಾವು ಕಂಡದ್ದು, ಅಷ್ಟೇ.

ಈಗ ನಾಲ್ಕನೆಯ ಚಳಿಗಾಲದ ವಿಷಯ. ಶಿಬಿರ ಮೆಲ್ಬರ್ನ್‌ನಲ್ಲಿ. ಸಿರಿಗೆ ಹದಿನಾಲ್ಕು. ಅವಳ ವಯಸ್ಸಿನ ಹದಿನಾಲ್ಕು ಹುಡುಗಿಯರಲ್ಲಿ ಆರು ಜನ ತಂಡದ ಕಿರಿಯರ ಗುಂಪಿಗೆ ಸೇರುವವರಿದ್ದರು. ಆ ವಯಸ್ಸು ದಾಟಿದರೆ ಮತ್ತೆ ಅವಕಾಶವಿಲ್ಲ. ಸಿರಿಗೆ ಅದು ಬೇಕಿತ್ತು. ನನಗೆ ಅವಳಿಗಿಂತ ಹೆಚ್ಚು ಬೇಕಿತ್ತು, ಇದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಮಕ್ಕಳ ಹುಟ್ಟುಹಬ್ಬಗಳಲ್ಲಿ ಉಳಿದ ಅಪ್ಪಂದಿರು ಮಾರ್ಟ್‌ಗೇಜ್ ಬಗ್ಗೆ ಮಾತಾಡುವಾಗ ನಾನು ಹೇಳಿಕೊಳ್ಳಲು ಒಂದು ಮಾತು ಬೇಕಿತ್ತು.

ಮೊದಲ ದಿನ ಅಭ್ಯಾಸದ ಓಟಗಳು. ಎರಡನೆಯ ದಿನ ಪಂದ್ಯ, ಅದಕ್ಕೇ ಹೆಚ್ಚಿನ ತೂಕ. ಮೊದಲ ದಿನ ಕಿತ್ತಳೆ ಬಣ್ಣಕ್ಕೆ ಸಾಧಾರಣ ಎಂದು ಬರೆಸಿದ್ದ ಆಂಟಿ, ಎರಡನೆಯ ದಿನ ಕಿತ್ತಳೆಯನ್ನು ಬಾಯ್ತುಂಬ ಹೊಗಳಿದರು. ಎರಡು ಸಲ ಸಾರು ಕುಡಿದರು. ರಾತ್ರಿ ಮನೆಯಲ್ಲಿ ಏನು ತಿನ್ನಿಸಿದರೋ ಎಂದು ಆಶ್ಚರ್ಯಪಟ್ಟರು. ನೀಲಿ ಮಾತ್ರ ಇಳಿದಿತ್ತು. ಪಾಪ, ನಿದ್ದೆಯಾದಂತಿಲ್ಲ ಎಂದು ಬರೆಸಿದರು. ಮಧ್ಯಾಹ್ನ ಮೂರು ಗಂಟೆಗೆ ಎಲ್ಲ ಕೂಡಿಸಿ, ಲಕೋಟೆ ಒಡೆದು ನೋಡಿದಾಗ ಕಿತ್ತಳೆ ಆರನೆಯ ಸ್ಥಾನದಲ್ಲಿತ್ತು. ಕಿತ್ತಳೆ ಎಂದರೆ ಸಿರಿ. ಪಟ್ಟಿಯನ್ನು ಓದುವುದು ಮರುದಿನ ಬೆಳಿಗ್ಗೆ, ಅಲ್ಲಿಯವರೆಗೆ ಬಾಯಿ ಬಿಡಬಾರದು. ನಾನು ಕಾರ್ ಪಾರ್ಕಿಂಗ್‌ಗೆ ಹೋಗಿ ಹೆಂಡತಿಗೆ ಫೋನ್ ಮಾಡಿ ಬಾಯಿ ಬಿಟ್ಟೆ. ಅವಳು ಶ್ಯಾವಿಗೆ ಹುರಿಯಲು ಇಟ್ಟಳು.

ಮನೆಗೆ ಬರುವಾಗ ಫ್ರೀವೇಯಲ್ಲಿ ಸಿರಿ ಹಿಂದಿನ ಸೀಟಿನಲ್ಲಿ ಸ್ಕೇಟ್ ಒರೆಸುತ್ತಿದ್ದಳು. ಎರಡು ದಿನ ಮುಗಿದಿದೆಯಲ್ಲ, ಇನ್ನು ನೋಡಬಹುದು ಎಂದು ಕನ್ನಡಿಯಲ್ಲಿ ನೋಡಿದೆ. ಲೇಸು ನೀಲಿ ಇತ್ತು.

ನಿನ್ನದು ಯಾವ ಬಣ್ಣ ಎಂದು ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು. "ಆರೆಂಜ್. ಬಟ್ ಐ ಸ್ವಾಪ್ಡ್ ವಿತ್ ಮಿಯಾ ದಿಸ್ ಮಾರ್ನಿಂಗ್. ಹರ್ಸ್ ವಾಸ್ ಟೂ ಶಾರ್ಟ್, ಅಪ್ಪಾ. ಇಟ್ಸ್ ಜಸ್ಟ್ ಲೇಸಸ್."

ಮಿಯಾ ನಮ್ಮ ಪಕ್ಕದ ವೆರಿಬೀಯ ಹುಡುಗಿ, ಸಿರಿಯ ಗೆಳತಿ. ಒಂದೇ ವರ್ಷದಲ್ಲಿ ಇವಳಿಗಿಂತ ಒಂದು ಗೇಣು ಎತ್ತರ ಬೆಳೆದಿದ್ದಳು, ಸ್ಕೇಟೂ ಅಷ್ಟೇ ದೊಡ್ಡದು. ಆಂಟಿ ಕೊಟ್ಟ ನೀಲಿ ಲೇಸು ಅವಳಿಗೆ ಮೇಲಿನ ಎರಡು ತೂತಿಗೆ ಸಾಲದೆ ಮೊದಲ ದಿನ ಕಣಕಾಲು ಸಡಿಲವಾಗಿತ್ತಂತೆ. ಸಿರಿಯ ಕಿತ್ತಳೆ ಲೇಸು ಹೇಗೋ ಸ್ವಲ್ಪ ಉದ್ದ ಬಂದಿತ್ತು. ಬದಲಾಯಿಸಿಕೊಂಡಿದ್ದರು. ಗೆಳತಿಗೆ ಮಾಡಿದ ಉಪಕಾರ, ಅದಕ್ಕೆ ಇನ್ನೊಂದು ಅರ್ಥವಿದೆ ಎಂಬುದು ಇಬ್ಬರಿಗೂ ತಿಳಿಯದು. ಎರಡು ಗುಟುಕು ಸಾರು ಮಿಯಾಳ ಕಾಲಿಗೆ ಸಂದದ್ದು. ನಿದ್ದೆಯಾಗದ ನೀಲಿ ನನ್ನ ಮಗಳು.

ಟಾರ್ನೀಟ್ ಬರುವವರೆಗೆ ಒಂದೇ ಲೆಕ್ಕ ಹಾಕಿದೆ. ಆ ಹಾಳೆಗಳನ್ನು ಓದಬಲ್ಲವರು ಇಡೀ ರಿಂಕ್‌ನಲ್ಲಿ ಇಬ್ಬರೇ. ಒಬ್ಬರಿಗೆ ವಿಷಯ ಗೊತ್ತಿಲ್ಲ, ಇನ್ನೊಬ್ಬ ನಾನು. ಮನೆಗೆ ಬಂದು ಪಾಯಸ ತಿಂದೆ. ರುಚಿಯಾಗಿಯೇ ಇತ್ತು. ಸಿರಿ ಮೇಲೆ ಹೋದ ಮೇಲೆ ಹೆಂಡತಿಗೆ ಹೇಳಿದೆ. ಎರಡೂ ದಿನ ಚೆನ್ನಾಗಿ ಆಡಿದ್ದಾಳೆ, ಹೆಚ್ಚುಕಮ್ಮಿ ಎಲ್ಲ ಒಂದೇ, ಲೇಸಿನ ಗೊಂದಲದಿಂದ ಆಂಟಿಗೇ ಮುಜುಗರ ಎಂದೆಲ್ಲ ಸುತ್ತಿ ಬಳಸಿ ಮಾತಾಡಿದೆ. ಧಾರವಾಡದವಳು, ಪೂರ್ತಿ ಕೇಳಿಸಿಕೊಂಡು ಪಾತ್ರೆ ತೊಳೆಯುತ್ತಲೇ ಅಂದಳು.

"ನಿಮ್ಮ ಬೂಟಿನ ಅಂಚು ಯಾಕ ಸವೀತದ ಅಂತ ಈಗ ತಿಳೀತು. ನೀವು ಹೇಳ್ತೀರೋ, ನಾ ಫೋನ್ ಹಚ್ಚಲೋ?"

ಆಂಟಿ ವೆರಿಬೀಯಲ್ಲಿ ತಂಗಿಯ ಮನೆಯಲ್ಲಿ ಇಳಿದಿದ್ದರು. ಒಂದು ಡಬ್ಬಿ ಪಾಯಸ ಹಿಡಿದು ಆಗಲೇ ಹೋದೆ. ಅವರು ಪಾಯಸ ತಿನ್ನುತ್ತ ಎಲ್ಲ ಕೇಳಿಸಿಕೊಂಡರು. ನಾನು ತಡವಾಗಿ ಬಂದದ್ದಕ್ಕೆ ಬೈಯಲಿಲ್ಲ, ಬಂದದ್ದಕ್ಕೆ ಹೊಗಳಲಿಲ್ಲ. ಪಾಯಸ ಚೆನ್ನಾಗಿದೆ, ಸುದ್ದಿ ಚೆನ್ನಾಗಿಲ್ಲ ಎಂದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಲೇಸು ಎಷ್ಟು ಗಿಡ್ಡವಿತ್ತು? ನಾನು ಬೆರಳಲ್ಲಿ ತೋರಿಸಿದೆ.

"ನೋಡಿ, ಮೂವತ್ತು ವರ್ಷದಿಂದ ಕಾಲೇ ನೋಡ್ತಾ ಇದೀನಿ," ಅಂದರು. "ಮಕ್ಕಳ ಕಾಲು ಬೆಳೆಯುತ್ತೆ ಅನ್ನೋದನ್ನೇ ಮರೆತುಬಿಟ್ಟೆ. ಎಲ್ಲಾರಿಗೂ ಒಂದೇ ಅಳತೆಗೆ ಕತ್ತರಿಸಿದೀನಿ. ತಪ್ಪು ನಂದು. ನಾಳೆ ಮಕ್ಕಳಿಗೆ ನಾನೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಅವರು ಪಟ್ಟಿ ಓದಲು ಬಿಡಲಿಲ್ಲ. ಉಣ್ಣೆ ಕಾಲುಚೀಲ ಏರಿಸಿಕೊಂಡು, ನನ್ನ ತೋಳು ಹಿಡಿದು ಐಸ್ ಮೇಲೆ ಹೋಗಿ ಹದಿನಾಲ್ಕು ಹುಡುಗಿಯರ ಎದುರು ನಿಂತರು. ರಟ್ಟು ಏಕೆ ಎಂಬ ಗುಟ್ಟನ್ನು ಅವತ್ತೇ ಮೊದಲು ಮಕ್ಕಳಿಗೆ ಹೇಳಿದ್ದು. ತಾನು ಗಿಡ್ಡ ಲೇಸು ಕೊಟ್ಟೆ, ಅದರಿಂದ ಕಾಲು ಅದಲುಬದಲಾಯಿತು, ಲೇಸು ಬದಲಾಯಿಸಿಕೊಂಡವರ ತಪ್ಪು ಒಂದು ಚೂರೂ ಇಲ್ಲ, ದಯವಿಟ್ಟು ನನಗಾಗಿ ಇನ್ನೊಮ್ಮೆ ಆಡುತ್ತೀರಾ ಎಂದು ಕೇಳಿದರು. ಕೋಚ್ ಗೊಣಗುತ್ತ ಐಸ್ ಮೇಲೆ ಇಪ್ಪತ್ತು ನಿಮಿಷ ಆಡಲು ಬಿಟ್ಟರು. ಸಿರಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

ಅವತ್ತು ಲೇಸುಗಳೆಲ್ಲ ಬಿಳಿ, ಉದ್ದನೆಯವು. ಬರೆಯುವುದು ಬೇಡ ಎಂದು ಆಂಟಿ ಪ್ಯಾಡನ್ನು ತಾವೇ ತೆಗೆದುಕೊಂಡರು. ನನ್ನನ್ನು ಐಸ್ ಕಡೆಗೆ ತಿರುಗಿಸಿ ಮಣೆಯ ಮೇಲೆ ಕೂರಿಸಿ ರಟ್ಟು ಕೊಟ್ಟರು. ಒಳ್ಳೆಯ ಕಾಲು ಕಂಡರೆ ಹೇಳಿ, ಬೇರೇನೂ ಬೇಡ ಎಂದರು. ಬಣ್ಣದ ಗುರುತಿಲ್ಲದ್ದರಿಂದ ಅವರು ಹಿಂದೆ ನಿಂತು ರಟ್ಟಿನ ಮೇಲಿಂದ ನಂಬರು ನೋಡಿ ಬರೆದುಕೊಂಡರು. ಮೊದಮೊದಲು ನಾನು ಮಗಳನ್ನು ಹುಡುಕಿದೆ. ಹೆತ್ತವನಿಗೆ ಮಗಳ ಕಾಲು ಗುರುತು ಸಿಗದೇ ಎಂದುಕೊಂಡಿದ್ದೆ, ಸಿಗಲಿಲ್ಲ. ಇಪ್ಪತ್ತೆಂಟು ಕಾಲು, ಅಷ್ಟೇ. ಹುಡುಕುವುದನ್ನು ಬಿಟ್ಟ ಮೇಲೆ ಕಾಣತೊಡಗಿತು. ಒಂದು ಜೊತೆ ಕಾಲು ಸದ್ದಿಲ್ಲದೆ ಬಂದು, ಸದ್ದಿಲ್ಲದೆ ನಿಂತು, ಹೊರಳಿ ಹೋಯಿತು. ಅದು ಎಂದೆ. ಇನ್ನೊಂದು ಸಲ ಬಂದಾಗಲೂ ಅದೇ ಎಂದೆ. ಹಿಂದಿನಿಂದ ಥರ್ಮಾಸಿನ ಮುಚ್ಚಳ ತೆರೆದ ಸದ್ದು ಕೇಳಿಸಿತು.

ಅದು ಮಿಯಾಳ ಕಾಲು. ಕೋಚ್ ಮತ್ತು ಉಳಿದವರ ಅಂಕವೂ ಸೇರಿ ಅವಳು ನಾಲ್ಕನೆಯವಳಾದಳು. ಸಿರಿ ಏಳನೆಯವಳು.

ನೋವಾಯಿತು. ಆಗಲಿಲ್ಲ ಎಂದರೆ ಸುಳ್ಳು. ಸಿರಿ ಮಿಯಾಳನ್ನು ತಬ್ಬಿಕೊಂಡಳು, ಕಾರಿನಲ್ಲಿ ಕೂತ ಮೇಲೆ ಅತ್ತಳು. ಅತ್ತು ಮುಗಿದ ಮೇಲೆ ಆಂಟಿ ಕೊಟ್ಟ ಚೀಟಿಯನ್ನು ನನಗೆ ಕೊಟ್ಟಳು. ಬೇರೆ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಬರೆಯುವವರು ಇವಳಿಗೆ ಕನ್ನಡದಲ್ಲಿ ಬರೆದಿದ್ದರು. ಅವಳಿಗೆ ಓದಲು ಬಾರದು. ನಾನು ಓದಿದೆ. 'ಪುಟ್ಟಿ, ನಿನ್ನ ಕಾಲು ಎಲ್ಲರಿಗಿಂತ ಮೊದಲು ನಿಂತುಬಿಡುತ್ತದೆ, ಬೇರೆಯವರು ಹೇಗೆ ಆಡುತ್ತಾರೆ ಎಂದು ನೋಡುವುದಕ್ಕೆ.' ಸಿರಿ ಕಿಟಕಿಯ ಆಚೆ ನೋಡುತ್ತ, ಹೌದು, ಹಾಗೇ ಮಾಡುತ್ತೇನೆ ಎಂದು ಇಂಗ್ಲಿಷ್‌ನಲ್ಲಿ ಹೇಳಿದಳು. ಅದು ಬೈಗುಳವೋ ಹೊಗಳಿಕೆಯೋ ಎಂದು ಕೇಳಿದಳು. ನಾನು ಚೀಟಿಯನ್ನು ಇನ್ನೊಮ್ಮೆ ಓದಿದೆ.

ಮರುವರ್ಷ ಸಿಡ್ನಿಗೆ ಅವಳು ಆಡಲು ಬರಲಿಲ್ಲ, ಲೇಸು ಹಂಚಲು ಬಂದಳು. ಆಂಟಿ ಅವಳನ್ನು ಮಣೆಯ ಪಕ್ಕ ನೆಲದ ಮೇಲೆ ಕೂರಿಸಿಕೊಂಡು ಮೂರು ದಿನ ಏನೇನೋ ತೋರಿಸಿದರು. ನಾನು ಬೆನ್ನು ಹಾಕಿ ಬರೆಯುತ್ತಿದ್ದೆ, ನನಗೆ ಕಾಣಲಿಲ್ಲ. ಸಿರಿ ಈಗಲೂ ಭಾನುವಾರ ತನ್ನ ಗೆಳತಿಯರ ಜೊತೆ ಆಡುತ್ತಾಳೆ, ಸಂತೋಷವಾಗಿದ್ದಾಳೆ.

ಈ ವರ್ಷ ಶಿಬಿರಕ್ಕೆ ಎರಡು ವಾರ ಇರುವಾಗ ವೆಸ್ಟ್‌ಮೀಡ್‌ನಿಂದ ಒಂದು ಪಾರ್ಸೆಲ್ ಬಂತು. ನನಗಲ್ಲ, ಸಿರಿಗೆ. ಒಳಗೆ ಮಣೆ, ರಟ್ಟು, ಬಣ್ಣ ಹಾಕಿದ ಲೇಸಿನ ಕಟ್ಟು. ಒಂದೊಂದು ಬಣ್ಣದಲ್ಲೂ ಮೂರು ಮೂರು ಅಳತೆ. ಕೋಚ್‌ಗೆ ಅವರೇ ಫೋನ್ ಮಾಡಿ, ಚಿಕ್ಕ ಮಕ್ಕಳ ಗುಂಪಿಗೆ ಹುಡುಗಿ ಕೂರಲಿ, ತಪ್ಪಾದರೆ ನನ್ನನ್ನು ಕೇಳಿ ಎಂದಿದ್ದರು. ನಮ್ಮ ಮನೆಯಲ್ಲಿ ಕನ್ನಡದ ಪ್ರಶ್ನೆಗೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡುವ ಹದಿನಾರು ವರ್ಷದ ಹುಡುಗಿ ಎರಡು ವಾರ ಅಮ್ಮನ ಹಿಂದೆ ಬಿದ್ದು, ಸೊಕ್ಕಿಗೆ ಏನನ್ನುತ್ತಾರೆ, ಹಿಮ್ಮಡಿಗೆ ಏನನ್ನುತ್ತಾರೆ ಎಂದು ಕೇಳಿ ಬರೆದಿಟ್ಟುಕೊಂಡಳು, ಇಂಗ್ಲಿಷ್ ಅಕ್ಷರದಲ್ಲಿ.

ಶನಿವಾರ ನನ್ನ ಐದು ವಾಕ್ಯ ಮುಗಿದ ಮೇಲೆ ಅವಳು ಪ್ರತಿ ಮಗುವಿನ ಮುಂದೆ ಮಂಡಿಯೂರಿ, ಲೇಸು ಮೇಲಿನ ತೂತಿನವರೆಗೆ ಸಾಲುತ್ತದೆಯೇ ಎಂದು ಎಳೆದು ನೋಡಿದಳು. ಆಮೇಲೆ ಮಣೆಯ ಮೇಲೆ ಕೂತು ರಟ್ಟು ಎತ್ತಿದಳು. ನಾನು ಐಸ್‌ಗೆ ಬೆನ್ನು ಹಾಕಿ ಪ್ಯಾಡು ತೆರೆದೆ. ಅವಳ ಹಿಂದೆ ಮೂರು ಸಾಲು ತಂದೆತಾಯಂದಿರು ಕತ್ತು ಉದ್ದ ಮಾಡಿ ನಿಂತಿದ್ದರು.

"ಅಪ್ಪಾ, ಬರ್ಕೋ," ಅಂದಳು. "ಹಸಿರು. ಎಡಗಾಲು... ಎಡಗಾಲು ಮಾತು ಕೇಳುತ್ತೆ."

ನಾನು ಬರೆಯಲಿಲ್ಲ. ಬ್ಲೇಡುಗಳ ಸದ್ದು ಬೆನ್ನ ಹಿಂದೆ ಹೋಗುತ್ತ ಬರುತ್ತ ಇತ್ತು. ರಟ್ಟಿನ ಕೆಳಗೆ ಅವಳ ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುವುದನ್ನು, ತುಟಿ ಬಿಗಿಯುವುದನ್ನು, ಹುಬ್ಬು ಏರುವುದನ್ನು ನೋಡುತ್ತ ಕೂತಿದ್ದೆ.

ಅವಳು ನನ್ನ ಕಡೆ ತಿರುಗಲಿಲ್ಲ.

"ನನ್ನ ಮುಖ ನೋಡ್ಬೇಡ ಅಪ್ಪಾ. ಕಾಗದ ನೋಡು."